ಒಂಬತ್ತರ ತಂತಿ

ಎಡ್ಮಾರನ ಮನೆಯಲ್ಲಿ ಕಾಳು ಬೇಯಿಸುವ ಪಾತ್ರೆಯಲ್ಲೇ ಗಿಟಾರಿನ ತಂತಿಯನ್ನೂ ಕುದಿಸುತ್ತಾರೆ ಎಂಬುದು ಜಾಂಡಿರಾಗೆ ಚಿಕ್ಕ ವಯಸ್ಸಿನಲ್ಲೇ ಗೊತ್ತಾಗಿತ್ತು. ಅಂದಿನಿಂದ ಅವಳು ಆ ಮನೆಯಲ್ಲಿ ಊಟ ಮಾಡಿಲ್ಲ. ಆಗ ಬ್ರೆಜಿಲಿನ ಬೆಲೊ ಹೊರಿಜೊಂಚಿಯಲ್ಲಿ ಗಿಟಾರು ಹಿಡಿದ ಹುಡುಗರಿಗೆಲ್ಲ ಅದೇ ಗತಿಯಾಗಿತ್ತು, ನಿಜ. ಹೊರದೇಶದ ತಂತಿ ಊರಿಗೆ ಬರುತ್ತಿದ್ದುದೇ ಅಪರೂಪ. ಬೆವರು ಕುಡಿದು ಮೊಂಡಾದ ತಂತಿಯನ್ನು ಬಿಚ್ಚಿ ಕುದಿಸಿದರೆ ಒಂದೆರಡು ದಿನ ಮತ್ತೆ ಚುರುಕಾಗಿ ನುಡಿಯುತ್ತಿತ್ತು. ಆದರೆ ಈಗ ಬೀದಿಗೊಂದು ಅಂಗಡಿ ಇದೆ. ತಲೆ ನರೆತ ಗಂಡಸು ಇನ್ನೂ ತಂತಿ ಕುದಿಸುತ್ತಾನೆಂದರೆ ಅದು ಬಡತನವಲ್ಲ, ಶುದ್ಧ ಕೊಳಕುತನ. ನೀರಿನ ಮೇಲೆ ತೇಲುವ ಆ ಬೂದು ಜಿಡ್ಡು ಎಡ್ಮಾರನ ಬೆರಳಿನದು ಎಂದು ನೆನೆದರೆ ಈಗಲೂ ಅವಳಿಗೆ ಹೇಸಿಗೆ.

ಇಬ್ಬರೂ ಗಿಟಾರು ಬಾರಿಸುವ ಮೆಟಲ್ ಬ್ಯಾಂಡಿನ ಹೆಸರು ಕರ್ನಿಸ. ಕೊಳೆತ ಹೆಣ ಎಂದು ಅರ್ಥ. ಎಷ್ಟೋ ವರ್ಷ ಮಣ್ಣಾಗಿ ಮಲಗಿದ್ದ ಅದನ್ನು ಹಾಡುಗಾರ ಗಿಲ್ಸನ್ ಮತ್ತೆ ಎಬ್ಬಿಸಿದ್ದ. ಸಾವೊ ಪೌಲೊದ ಸಣ್ಣ ಕಂಪನಿಯೊಂದು ಶನಿವಾರದ ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ರೆಕಾರ್ಡು ತರಲು ಒಪ್ಪಿತ್ತು. ಹರೆಯದಲ್ಲಿ ಅವರದ್ದು ಒಂದೂ ರೆಕಾರ್ಡು ಬಂದಿರಲಿಲ್ಲ. ಕೈಯಿಂದ ಕೈಗೆ ದಾಟಿ ಸವೆದ ಕ್ಯಾಸೆಟ್ಟುಗಳಷ್ಟೇ. ಗಿಲ್ಸನ್ನನ ಗಂಟಲು ಇನ್ನೊಂದು ವರ್ಷ ಬಾಳುವ ಹಾಗೂ ಇರಲಿಲ್ಲ. ಇದೇ ಮೊದಲನೆಯದು, ಇದೇ ಕೊನೆಯದು. ಅದೊಂದು ಸರಿಯಾಗಿ ಬರಲಿ ಎಂಬುದಷ್ಟೇ ಜಾಂಡಿರಾಳ ಆಸೆ.

ಗಂಟಲು ಕೈಕೊಟ್ಟಿದ್ದರಿಂದಲೇ ಶ್ರುತಿ ಇಳಿಸಿದ್ದು. ಗಿಲ್ಸನ್ ಮಾತ್ರ “ಸದ್ದಿಗೆ ಭಾರ ಜಾಸ್ತಿ ಬರುತ್ತೆ” ಎಂದು ನೆಪ ಹೇಳಿದ; ಹಾಡುಗಾರರೆಲ್ಲ ಹೇಳುವುದು ಹಾಗೆಯೇ. ಗಿಟಾರಿನ ಶ್ರುತಿ ‘ಇ’ ಇದ್ದದ್ದು ‘ಬಿ’ ಆಯಿತು, ಐದು ಸ್ವರಸ್ಥಾನ ಕೆಳಗೆ. ಅಷ್ಟು ಇಳಿಸಿದರೆ ದಪ್ಪ ತಂತಿ ಹಾಕಲೇಬೇಕು. ಜಾಂಡಿರಾ ಒಂದು ಭಾನುವಾರವೆಲ್ಲ ಕೂತು ಆರಿಸಿದಳು. ತಂತಿಯ ದಪ್ಪ ಎಣಿಸುವುದು ಅಂಗುಲದ ಸಾವಿರದ ಪಾಲಿನ ಲೆಕ್ಕದಲ್ಲಿ. ಅತಿ ಕೆಳಗಿನ ಸ್ವರಕ್ಕೆ ಐವತ್ತಾರರ ತಂತಿ ಹಾಕಿದರೆ ತೊನೆಯುತ್ತಿತ್ತು, ಎಪ್ಪತ್ತರದ್ದು ಹಾಕಿದರೆ ಹಲಗೆ ತಟ್ಟಿದಂತೆ ಮಂಕಾಗುತ್ತಿತ್ತು. ಅರವತ್ತೆರಡು ಸರಿಯಾಗಿ ಕೂತಿತು. ಹೊಡೆದರೆ ಸ್ವರ ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು.

ಎಡ್ಮಾರ್ ತನ್ನ ಹಳೆಯ ಒಂಬತ್ತರ ಸೆಟ್ಟನ್ನೇ ಸಡಿಲಿಸಿಕೊಂಡು ತಾಲೀಮಿಗೆ ಬಂದ. ಅತಿ ಸಣ್ಣ ತಂತಿಯ ದಪ್ಪವೇ ಸೆಟ್ಟಿನ ಹೆಸರು; ಅದು ‘ಇ’ ಶ್ರುತಿಗೆ ಹದವಾದ ತೆಳು ಸೆಟ್ಟು. ‘ಬಿ’ಗೆ ಇಳಿಸಿದ ಮೇಲೆ ಬಟ್ಟೆ ಹಗ್ಗದ ಹಾಗೆ ಜೋತುಬಿದ್ದಿತ್ತು. ಹೊಡೆದಾಗಲೆಲ್ಲ ಸ್ವರ ಮೇಲಕ್ಕೆ ಹಾರಿ ಕುಸಿಯುತ್ತಿತ್ತು, ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ, ಫ್ರೆಟ್ಟುಗಳಿಗೆ, ಬಡಿದು ಲೊಟಲೊಟ ಎನ್ನುತ್ತಿತ್ತು. ಜಾಂಡಿರಾಗೆ ಯಾರೋ ಬಾಯಿ ತೆರೆದುಕೊಂಡು ಅಗಿಯುವುದನ್ನು ಕೇಳಿದಂತಾಯಿತು.

“ಏನೋ ಇದು, ಕೋಳಿ ಕರುಳು ಕಟ್ಕೊಂಡು ಬಂದಿದ್ದೀಯಾ?” ಎಂದಳು.

“ಕೈಲಿ ನಯ ಇಲ್ಲದೋರಿಗೆ ಕಣೇ ಹಗ್ಗ ಬೇಕಾಗೋದು,” ಎಂದ ಎಡ್ಮಾರ್. “ನಾನು ಒಂಬತ್ತರಲ್ಲೇ ಹುಟ್ಟಿದ್ದು, ಒಂಬತ್ತರಲ್ಲೇ ಸಾಯೋದು.”

“ಸಾಯಿ, ಯಾರು ಬೇಡ ಅಂದ್ರು? ಶನಿವಾರ ಆದ್ಮೇಲೆ ಸಾಯಿ.”

“ಕಿತ್ತಾಡ್ಬೇಡ್ರೋ,” ಎಂದ ಗಿಲ್ಸನ್. “ಜನಕ್ಕೇನು ಗೊತ್ತಾಗುತ್ತೆ?”

“ರೆಕಾರ್ಡಿಗೆ ಗೊತ್ತಾಗುತ್ತೆ,” ಎಂದಳು ಜಾಂಡಿರಾ.

ಹೇಳಿ ಉಪಯೋಗವಿಲ್ಲವೆಂದು ಗುರುವಾರ ಅವಳೇ ಹೊಸ ಸೆಟ್ಟು ಹಿಡಿದು ಅವನ ಮನೆಗೆ ಹೋದಳು. ಅಡುಗೆಮನೆಯ ಮೇಜಿನ ಮೇಲೆ ಅವನ ಗಿಟಾರು ಮಲಗಿಸಿ ಹಳೆಯ ತಂತಿ ಕಿತ್ತಳು. ಫ್ರೆಟ್ಟುಗಳ ಸಂದಿಯಲ್ಲಿ ವರ್ಷಗಟ್ಟಲೆಯ ಕೊಳೆ ಹಲ್ಲಿನ ಪಾಚಿಯಂತೆ ಮೆತ್ತಿತ್ತು. ಮೂಗು ಸಿಂಡರಿಸಿಕೊಂಡು ಬೆಣ್ಣೆ ಚಾಕುವಿನಿಂದ ಕೆರೆದಳು, ಒರೆಸಿದಳು, ಮತ್ತೆ ಒರೆಸಿದಳು. ದಪ್ಪ ತಂತಿ ಕೂರಲೆಂದು ಗಿಟಾರಿನ ತಲೆಯ ಬಳಿಯ ಸಂದುಗಳನ್ನು ಅರದಿಂದ ಉಜ್ಜಿ ಅಗಲ ಮಾಡಿದಳು. ಎಡ್ಮಾರ್ ಕಾಫಿ ಕೊಟ್ಟ, ಅವಳು ಕುಡಿಯಲಿಲ್ಲ.

“ಹೊಸ ತಂತಿ ಹಿಗ್ಗಿ ಶ್ರುತಿ ಇಳಿಯುತ್ತೆ. ಶನಿವಾರ ಮತ್ತೆ ಬಿಗಿ ಮಾಡ್ಕೋ,” ಎಂದಳು. “ಸಲಾಕೆ ಹಿಡಿದ ಹಾಗೆ ಅನ್ಸುತ್ತೆ, ಹೆದರ್ಬೇಡ. ಗಟ್ಟಿ ಇದ್ದಷ್ಟೂ ಒಳ್ಳೇದು. ಶ್ರುತಿ ನೋಡೋ ಯಂತ್ರ ಬಿಟ್ಟು ಹೋಗ್ಲಾ?”

“ನಿನ್ನ ಯಂತ್ರ ನೀನೇ ಇಟ್ಕೋ ತಾಯಿ. ಶ್ರುತಿ ನನ್ನ ಕಿವೀಲೇ ಇದೆ.”

ಕಿವಿಯಲ್ಲಿ ಶ್ರುತಿ ಇದ್ದದ್ದು ಸುಳ್ಳಲ್ಲ. ಆದರೆ ಅಲ್ಲಿ ಇದ್ದದ್ದು ಹಳೆಯ ‘ಇ’. ಅದು ಇಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಮೇಲ್ಸೇತುವೆಯ ಕೆಳಗಿನ ಸಭಾಂಗಣದಲ್ಲಿ ಡ್ರಮ್ಮು ಪರೀಕ್ಷಿಸುವ ಗದ್ದಲ. ಎಡ್ಮಾರ್ ವೇದಿಕೆಯ ಹಿಂದೆ ಬಿಯರ್ ಪೆಟ್ಟಿಗೆಯ ಮೇಲೆ ಕೂತು, ಗಿಟಾರಿಗೆ ಕಿವಿ ಒತ್ತಿ, ಬಿರಡೆ ತಿರುಗಿಸುತ್ತಿದ್ದ. ಕೊಂಬೆ ಮುರಿದಂಥ ಶಬ್ದವಾಯಿತು. ಜಾಂಡಿರಾ ಓಡಿ ಬಂದು ನೋಡಿದರೆ ತಂತಿಗಳನ್ನು ಹಿಡಿದಿದ್ದ ಬ್ರಿಜ್ಜು ತಿರುಪಿನ ಸಮೇತ ಕಿತ್ತುಕೊಂಡು ಮೇಲೆದ್ದಿತ್ತು. ಬಣ್ಣದ ಕೆಳಗಿನ ಮರ ಹುಳುಕು ಹಿಡಿದು ಪುಡಿಯಾಗಿತ್ತು.

“ಯಾವುದಕ್ಕೋ ಬಿಗಿ ಮಾಡ್ತಿದ್ದೆ? ‘ಇ’ಗಾ?”

ಎಡ್ಮಾರ್ ಬಾಯಿಬಿಟ್ಟುಕೊಂಡು ಅವಳನ್ನೇ ನೋಡಿದ. “ಕೈ ತಾನಾಗೇ ಅಲ್ಲಿಗೆ ಹೋಯ್ತು ಕಣೇ. ಗಟ್ಟಿ ಆಗ್ತಾನೇ ಇತ್ತು. ನೀನೇ ಅಂದ್ಯಲ್ಲ, ಗಟ್ಟಿ ಇದ್ದಷ್ಟೂ ಒಳ್ಳೇದು, ಹೆದರ್ಬೇಡ ಅಂತ.”

ಅವಳಿಗೆ ಮೈಯೆಲ್ಲ ಉರಿಯಿತು. ಆ ಹುಳುಕು ಮರ, ಆ ಜಂಬದ ಕಿವಿ, ಆ ಬೆಪ್ಪು ಮುಖ, ಯಾವುದನ್ನೂ ನೋಡಲಾಗಲಿಲ್ಲ.

ಮುಂದಿನ ಬ್ಯಾಂಡಿನ ಗಿಟಾರುಗಾರ್ತಿಯೊಬ್ಬಳು ಪಾಪ ಎಂದುಕೊಂಡು ತನ್ನ ಗಿಟಾರು ತಂದುಕೊಟ್ಟಳು. “ತಗೊಳ್ಳಿ ಸಾರ್, ಒಂಬತ್ತರ ತಂತಿ ಇದೆ. ಇಳಿಸ್ಕೊಳ್ಳಿ, ಪರವಾಗಿಲ್ಲ.”

ಎಡ್ಮಾರನ ಮುಖ ಅರಳಿತು. ಕೈ ಮುಂದೆ ಮಾಡಿದವನು ಹಾಗೇ ನಿಂತು ಜಾಂಡಿರಾಳ ಕಡೆ ನೋಡಿದ.

“ಬೇಡ,” ಎಂದಳು ಅವಳು. “ಆ ಲೊಟಲೊಟ ನನಗೆ ರೆಕಾರ್ಡಿನಲ್ಲಿ ಬೇಡ. ಒಂದೇ ಗಿಟಾರು ಸಾಕು.”

ಗಿಲ್ಸನ್ ನೆಲ ನೋಡಿದ. ಎಡ್ಮಾರ್ ಆ ಹೆಂಗಸಿಗೆ ಥ್ಯಾಂಕ್ಸ್ ಹೇಳಿ, ತನ್ನ ಮುರಿದ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಅದೇ ಪೆಟ್ಟಿಗೆಯ ಮೇಲೆ ಕೂತ. ಕಾರ್ಯಕ್ರಮ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ. ತನ್ನ ಭಾಗ ಬಂದಾಗಲೆಲ್ಲ ಅವನ ಬೆರಳು ಮುರುಕು ಗಿಟಾರಿನ ಮೇಲೆ ಆಡುತ್ತಿದ್ದುದನ್ನು ಜಾಂಡಿರಾ ನೋಡಿದಳು, ನೋಡದ ಹಾಗೆ ಬಾರಿಸಿದಳು.

ರೆಕಾರ್ಡು ಬಂದ ದಿನ ಮೂವರೂ ಎಡ್ಮಾರನ ಅಡುಗೆಮನೆಯಲ್ಲಿ ಸೇರಿದರು. ಹೊದಿಕೆಯ ಮೇಲೆ ಮುಳ್ಳಿನ ಅಕ್ಷರದಲ್ಲಿ ಬ್ಯಾಂಡಿನ ಹೆಸರಿತ್ತು. ಸೂಜಿ ಇಳಿಸಿದರು.

ಒಂದೂ ತಪ್ಪಿರಲಿಲ್ಲ. ಪ್ರತಿ ಸ್ವರ ಇಟ್ಟಲ್ಲೇ ಇತ್ತು. ಅಂಗಡಿಯಿಂದ ಈಗಷ್ಟೇ ತಂದ ಸ್ಟೀಲ್ ಪಾತ್ರೆಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗಿತ್ತು. ಎರಡನೆಯ ಹಾಡಿನ ಹೊತ್ತಿಗೆ ಜಾಂಡಿರಾಗೆ ಏನು ಇಲ್ಲವೆಂದು ಗೊತ್ತಾಯಿತು. ನಾತವೇ ಇರಲಿಲ್ಲ. ಹಳೆಯ ಕ್ಯಾಸೆಟ್ಟುಗಳಲ್ಲಿ ಅವಳ ಗಟ್ಟಿ ಸ್ವರದ ಪಕ್ಕದಲ್ಲೇ ಎಡ್ಮಾರನದು ಏನೋ ಒಂದು ಜಾರುತ್ತ, ಕೊಳೆಯುತ್ತ, ನೊಣದ ಹಾಗೆ ಗುಂಯ್‌ಗುಟ್ಟುತ್ತ ಇರುತ್ತಿತ್ತಲ್ಲ, ಜನ ಹುಚ್ಚೆದ್ದು ಕುಣಿದದ್ದು ಅದಕ್ಕೆ. ಆ ಗಲೀಜಿನ ಮರೆಯಿಲ್ಲದೆ ಗಿಲ್ಸನ್ನನ ಒಡಕು ಗಂಟಲೂ ಬೆತ್ತಲೆಯಾಗಿತ್ತು. ಅವನು ಸಿಗರೇಟು ಹಚ್ಚುವ ನೆಪದಲ್ಲಿ ಅಂಗಳಕ್ಕೆ ಹೋದ.

“ತುಂಬಾ ಚೆನ್ನಾಗಿದೆ ಕಣೇ,” ಎಂದ ಎಡ್ಮಾರ್. “ತೊಳೆದಿಟ್ಟ ಹಾಗಿದೆ.”

ಅವನು ಕುಹಕಕ್ಕೆ ಹೇಳಿರಲಿಲ್ಲ. ಹೊಗಳಿದ್ದೇ ಅದು. ಅದಕ್ಕೇ ಅವಳಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ.

ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಅವಳು ಎದ್ದು ಹೋಗಿ ಮುಚ್ಚಳ ತೆಗೆದಳು. ಬೂದು ನೀರಿನಲ್ಲಿ ಒಂಬತ್ತರ ತಂತಿ ಸುರುಳಿ ಸುತ್ತಿಕೊಂಡು ಕುಣಿಯುತ್ತಿತ್ತು. ಗಿಟಾರು ಇಲ್ಲದವನು ಯಾವುದಕ್ಕೆ ಕುದಿಸುತ್ತಿದ್ದನೋ.

“ಬಗ್ಗಿ ನೋಡ್ಬೇಡ ಕಣೇ,” ಎಂದ ಎಡ್ಮಾರ್. “ನಿನಗೆ ಹೇಸಿಗೆ ಆಗುತ್ತೆ.”

“ಆಗ್ತಿದೆ,” ಎಂದಳು ಜಾಂಡಿರಾ. “ಆದ್ರೆ ಇದಕ್ಕಲ್ಲ.”

ಅವನಿಗೆ ಅರ್ಥವಾಗಲಿಲ್ಲ. ರೆಕಾರ್ಡನ್ನು ತಿರುಗಿಸಿ ಹಾಕಲೇ ಎಂದು ಕೇಳಿದ.