ಎಡಗೆನ್ನೆಯ ಉಬ್ಬು

ಹೊಂಬಾಳಮ್ಮನ ಮೂಗಿನ ಮೇಲೆ ಕನ್ನಡಕ ನಿಂತದ್ದೇ ಇಲ್ಲ. ಶೆಟ್ಟಿಕೆರೆಯಲ್ಲಿ ಮದುವೆ ಎಂದರೆ, ತಟ್ಟೆಯಲ್ಲಿಡುವ ಕೊಬ್ಬರಿಯ ಮೇಲೆ ಗಿಣಿ, ನವಿಲು, ಬಳ್ಳಿ ಕೆತ್ತಿಕೊಡುವವಳು ಅವಳೇ. ಕೆತ್ತಲು ತಲೆ ಬಗ್ಗಿಸಬೇಕು. ಬಗ್ಗಿಸಿದರೆ ಕನ್ನಡಕ ಜಾರಿ ಮಡಿಲಿಗೆ. ತಗ್ಗು ಮೂಗು, ಏನು ಮಾಡೋಣ! ಕುಣಿಯಲಾರದವರು ನೆಲ ಡೊಂಕು ಅಂದರಂತೆ, ಹಾಗೆ ಮೂರು ಕನ್ನಡಕದ ಅಂಗಡಿಯವರೂ ಅವಳ ಮೂಗನ್ನೇ ದೂರಿದ್ದರು. ದಾರ ಕಟ್ಟಿ ತಲೆಗೆ ಬಿಗಿದುಕೊಂಡರೆ ನೆರೆಮನೆಯ ಸಣ್ಣತಿಮ್ಮಯ್ಯ, "ಏನಕ್ಕಾ, ಎತ್ತಿಗೆ ಮೂಗುದಾರ ಹಾಕ್ದಂಗೆ ಹಾಕ್ಕಂಡಿದೀಯಲ್ಲ" ಎಂದು ಹಲ್ಲು ಕಿರಿಯುತ್ತಿದ್ದ.

ಆ ಮೂಗು ಅವ್ವ ಚಿಕ್ಕಗೌರಮ್ಮನದು. "ಥೇಟ್ ನಿಮ್ಮವ್ವನೇ ಕಣೇ ನೀನು" ಎಂದು ಊರ ಹಿರಿಯರು ಹೇಳುತ್ತಿದ್ದರು. ಆದರೆ ಹೊಂಬಾಳಮ್ಮನಿಗೆ ಅವ್ವನ ಮುಖವೇ ನೆನಪಿಲ್ಲ. ಅವ್ವ ಹೋದಾಗ ಅವಳಿಗೆ ಐದು ವರ್ಷ. ಒಂದು ಫೋಟೋ ಕೂಡ ಇಲ್ಲ. ಉಳಿದದ್ದು ಎಲೆಅಡಿಕೆಯ ವಾಸನೆ, ಅದನ್ನು ಸದಾ ಒತ್ತರಿಸಿಟ್ಟುಕೊಂಡಿರುತ್ತಿದ್ದ ಎಡಗೆನ್ನೆಯ ಉಬ್ಬು. ಅವ್ವನ ತೊಡೆಯ ಮೇಲೆ ಕೂತು ಆ ಉಬ್ಬನ್ನು ಬೆರಳಿನಿಂದ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ಅವ್ವ ನಗುತ್ತಿದ್ದಳು. ನಕ್ಕದ್ದು ನೆನಪಿದೆ, ನಕ್ಕ ಮುಖ ನೆನಪಿಲ್ಲ. ಎಂಥ ಹಾಳು ಮರೆವೋ! ಒಮ್ಮೆಯಾದರೂ ಅವ್ವನನ್ನು ಕೊಬ್ಬರಿಯಲ್ಲಿ ಕೆತ್ತಬೇಕೆಂಬ ಆಸೆ ಅವಳಲ್ಲಿ ಹಾಗೇ ಉಳಿದುಬಿಟ್ಟಿತ್ತು. ಈಗ ಮೊಮ್ಮಗಳು ನಯನಳ ಮದುವೆ. ತಟ್ಟೆಯ ಐದು ಕೊಬ್ಬರಿಗಳಲ್ಲಿ ನಾಲ್ಕನ್ನು ಹೇಗೋ ಕಣ್ಣು ಕಿರಿದು ಮಾಡಿ ಕೆತ್ತಿದ್ದಳು. ಒಂದು ಹಾಗೇ ಇತ್ತು.

ಅಜ್ಜಿಯ ಪಾಡು ನೋಡಲಾರದೆ ನಯನ ಅವಳನ್ನು ತಿಪಟೂರಿಗೆ ಹೊರಡಿಸಿದಳು. "ಹೊಸ ಅಂಗಡಿ ಅಜ್ಜಿ. ಮುಖಾನೇ ಸ್ಕ್ಯಾನ್ ಮಾಡಿ ಅದಕ್ಕೆ ತಕ್ಕಂಗೆ ಫ್ರೇಮ್ ಮಾಡ್ಕೊಡ್ತಾರೆ." ಬಸ್ಸಿನಲ್ಲಿ ಹೊಂಬಾಳಮ್ಮನಿಗೆ ವಾಕರಿಕೆ. ಅದಕ್ಕೆಂದೇ, ಬಸ್ಸು ಹತ್ತುವಾಗ ಮಾತ್ರ, ಅವಳು ಎಲೆಅಡಿಕೆ ಹಾಕುತ್ತಿದ್ದಳು. ಅಂಗಡಿಯಲ್ಲಿ ನೋಡಿದರೆ ನೆಲವೂ ಗಾಜು, ಗೋಡೆಯೂ ಗಾಜು. ಉಗುಳುವುದೆಲ್ಲಿ ಬಂತು? ಎಡಗೆನ್ನೆಗೆ ಒತ್ತರಿಸಿಕೊಂಡು ಸುಮ್ಮನೆ ಕೂತಳು.

"ಅಜ್ಜಿ, ಅಲುಗಾಡ್ಬೇಡಿ. ನಿಧಾನಕ್ಕೆ ಆ ಕಡೆ ತಿರುಗಿ, ಈಗ ಈ ಕಡೆ," ಎನ್ನುತ್ತ ಅಂಗಡಿಯ ಹುಡುಗಿ ಸೌಮ್ಯ ಅವಳ ಎದುರು ಫೋನು ಹಿಡಿದಳು.

"ಹ್ಞೂಂ" ಎಂದಳು ಹೊಂಬಾಳಮ್ಮ. ಬಾಯಿ ತೆರೆಯುವ ಹಾಗಿರಲಿಲ್ಲವಲ್ಲ.

"ನನ್ ಮೂಗೇ ಸರಿಯಿಲ್ಲ" ಎಂಬಂತೆ ಅವಳು ಮೂಗು ಮುಟ್ಟಿ ತೋರಿಸಿದಾಗ ಸೌಮ್ಯ ನಕ್ಕಳು. "ಮೂಗಿಗೇನಾಗಿದೆ? ಫ್ರೇಮ್ ಸರಿಯಿರ್ಲಿಲ್ಲ ಅಷ್ಟೇ. ಇದರ ಭಾರಾನ ಸ್ವಲ್ಪ ಕೆನ್ನೆ ಮೇಲೂ ಕೂರಿಸ್ತೀವಿ."

ಆಮೇಲೆ ದೊಡ್ಡ ಪರದೆಯ ಮೇಲೆ ಒಂದು ಮುಖ ಮೂಡಿತು. ಕೂದಲಿಲ್ಲ, ಬಣ್ಣವಿಲ್ಲ, ಸುಕ್ಕಿಲ್ಲ. ಕೆತ್ತಿ ನಯ ಮಾಡಿದ ಕೊಬ್ಬರಿಯಂತೆ ಬರೀ ಆಕಾರ. ಅದು ನಿಧಾನವಾಗಿ, ನೀರಿನಲ್ಲಿ ತೇಲುತ್ತಿರುವಂತೆ, ತಾನೇ ತಾನಾಗಿ ತಿರುಗಿತು. ತಗ್ಗು ಮೂಗು ಬಂತು. ಎಡಗೆನ್ನೆ ಬಂತು. ಕೆನ್ನೆಯಲ್ಲಿ ಉಬ್ಬು.

ಅವ್ವ!

ಹೊಂಬಾಳಮ್ಮನಿಗೆ ಅಂಗಡಿಯೂ ಕೇಳಿಸಲಿಲ್ಲ, ಬೀದಿಯೂ ಕೇಳಿಸಲಿಲ್ಲ. ಸುಣ್ಣದ ಘಾಟು, ಅವ್ವನ ತೊಡೆಯ ಬಿಸುಪು, ಎಲ್ಲ ಒಟ್ಟಿಗೆ ಬಂದವು. ಬೆರಳು ಚಾಚುವಷ್ಟರಲ್ಲಿ ಪರದೆ ಆರಿತು.

ಮುಂದಿನ ಹದಿನೈದು ದಿನ ಅವಳು ಈ ಲೋಕದಲ್ಲಿರಲಿಲ್ಲ ಅನ್ನಿ. ಮಧ್ಯಾಹ್ನ ತೋಟದಲ್ಲಿ ತುಸು ಕಣ್ಣು ಮುಚ್ಚಿದರೆ ಸಾಕು, ತೆಂಗಿನ ಗರಿಗಳ ನಡುವೆ ಆ ಮುಖ ಮೆಲ್ಲಗೆ ತಿರುಗುತ್ತಿತ್ತು. ಎದ್ದು ಉಳಿ ಹಿಡಿದರೆ ಮಂಜಾಗಿಬಿಡುತ್ತಿತ್ತು. ಇನ್ನೊಂದೇ ಒಂದು ಸಲ ನೋಡಿದರೆ ಕೆತ್ತಿಬಿಡುತ್ತೇನೆ ಎಂದುಕೊಂಡಳು.

ಕನ್ನಡಕ ಬಂದಿದೆ ಎಂದು ಫೋನು ಬಂದಾಗ ನಯನ ಸ್ಕೂಟರಿನಲ್ಲಿ ಕರೆದೊಯ್ದಳು. ಬಸ್ಸಲ್ಲವಲ್ಲ, ಎಲೆಅಡಿಕೆಯ ಚೀಲ ಸೊಂಟದಲ್ಲೇ ಉಳಿಯಿತು. ಹೊಂಬಾಳಮ್ಮ ಕೂರುವ ಮೊದಲೇ ಕೇಳಿದಳು: "ಆ ಮುಖಾನ ಇನ್ನೊಂದ್ಸಲ ತೋರ್ಸವ್ವ."

"ಅಯ್ಯೋ, ಕನ್ನಡಕ ಆದ್ಮೇಲೆ ಅದು ಅಳಿಸಿ ಹೋಗುತ್ತೆ ಅಜ್ಜಿ. ಯಾರ ಮುಖಾನೂ ನಾವು ಇಟ್ಕೊಳ್ಳಲ್ಲ."

ಹೊಂಬಾಳಮ್ಮನಿಗೆ ಇಷ್ಟು ವರ್ಷದ ಮೇಲೆ ಸಿಕ್ಕ ಅವ್ವ ಎರಡನೇ ಸಲ ಹೋದಳು. ಸೌಮ್ಯ ಕನ್ನಡಕ ತೊಡಿಸಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಅದೋ ಎಡಕ್ಕೆ ವಾಲಿ ನಿಂತಿತು. ಸೌಮ್ಯ ತೆಗೆದು ನೋಡಿದಳು, ಮತ್ತೆ ತೊಡಿಸಿದಳು.

"ಅಳತೇಲಿ ಎಡಗೆನ್ನೆ ದಪ್ಪ ಬಂದಿದೆಯಲ್ಲ! ಅಜ್ಜಿ, ಅವತ್ತು ಬಾಯಲ್ಲಿ ಏನಾದ್ರೂ ಇತ್ತಾ?"

ನಯನ ಹಣೆ ಚಚ್ಚಿಕೊಂಡಳು. "ಎಲೆಅಡಿಕೆ! ಅಜ್ಜೀ, ನಿನ್ನ!" ಇಬ್ಬರು ಹುಡುಗಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಂಬಾಳಮ್ಮ ನಗಲಿಲ್ಲ. ಕನ್ನಡಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಮುಖ ಅಳಿಸಿ ಹೋಗಿದ್ದರೂ ಅದರ ಅಳತೆ ಇಲ್ಲೇ ಇದೆಯಲ್ಲ!

"ಒಸಿ ತಡಿಯವ್ವ" ಎಂದು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ, ಅಗಿದು, ಎಡಗೆನ್ನೆಗೆ ಒತ್ತರಿಸಿದಳು. ಕನ್ನಡಕ ತೊಟ್ಟಳು. ತಲೆ ಬಗ್ಗಿಸಿದಳು. ಜಾರಲಿಲ್ಲ. ತಲೆಯೆತ್ತಿ ಮೇಜಿನ ಕನ್ನಡಿ ನೋಡಿದಳು.

ಮುದುಕಿಯಾಗುವಷ್ಟು ಬದುಕಿದ್ದರೆ ಅವ್ವ ಹೀಗೇ ಇರುತ್ತಿದ್ದಳು. ಒಂದೊಂದು ಗೆರೆಯೂ ನಿಚ್ಚಳ. ಹೊಂಬಾಳಮ್ಮ ಬೆರಳೆತ್ತಿ ಎಡಗೆನ್ನೆಯ ಉಬ್ಬನ್ನು ಮೆಲ್ಲಗೆ ಒತ್ತಿದಳು. ಕನ್ನಡಿಯಲ್ಲಿ ಅವ್ವ ನಕ್ಕಳು.

"ಬನ್ನಿ ಅಜ್ಜಿ, ಇನ್ನೊಂದ್ಸಲ ಅಳತೆ ತಗೊಳ್ತೀನಿ" ಎಂದಳು ಸೌಮ್ಯ.

"ಬ್ಯಾಡ ಬುಡವ್ವ, ಸರಿಯಾಗೈತೆ." ಬಾಯಿ ತುಂಬಿತ್ತು, ಕಣ್ಣೂ ತುಂಬಿತ್ತು. "ನಯ್ನ, ಗಾಡಿ ತೆಗಿ. ಒಂದು ಕೊಬ್ಬರಿ ಉಳಿದೈತೆ."