ಕರ್ಜಗಿಯಲ್ಲಿ ಕೇಳಿದ ಕೆಮ್ಮು

ಬ್ಯಾಡಗಿಯಲ್ಲಿ ಜನವರಿ ಬಂತೆಂದರೆ ಕೆಮ್ಮಿಗೆ ಯಾರೂ ತಿರುಗಿ ನೋಡುವುದಿಲ್ಲ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚುತ್ತಾರೆ, ಘಾಟು ಓಣಿ ಓಣಿಗೆ ಹರಡುತ್ತದೆ. ಬಸ್ಸಿನಿಂದ ಇಳಿದ ಹೊಸಬರು ಸೀನುತ್ತಾರೆ, ನಾವು ನಗುತ್ತೇವೆ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಕುಳಿತು ಕಾಯಿಯ ತೊಟ್ಟು ಬಿಡಿಸುವಾಗ ಮಾತು, ನಗು, ಕೆಮ್ಮು ಎಲ್ಲ ಒಟ್ಟಿಗೇ ನಡೆದಿರುತ್ತವೆ. ಹಾಗಾಗಿ ಮಗಳು ಸ್ನೇಹಾ ಕೆಮ್ಮಿದಾಗಲೂ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದವಳಲ್ಲ.

ಅವಳು ಫೆಬ್ರುವರಿ ಕೊನೆಗೆ ಹಿಮಾಲಯಕ್ಕೆ ಹೊರಟಿದ್ದಳು. ರಾಣೇಬೆನ್ನೂರಿನ ಅವಳ ಕಾಲೇಜಿನಿಂದ ಆಯ್ದ ಕೆಲವು ಹುಡುಗಿಯರಿಗೆ ಹಿಮದ ಮೇಲೆ ಜಾರುವ ಸ್ಕೀ ಕಲಿಸುವ ಶಿಬಿರ. ಕ್ರೀಡಾ ಶಿಕ್ಷಕಿ ಕೈಸರ ಮೇಡಂ ಕರೆದುಕೊಂಡು ಹೋಗುವವರು. ಅವರು ಹೇಳಿದಂತೆ ಸ್ನೇಹಾ ಬೆನ್ನಿಗೆ ಭಾರದ ಚೀಲ ಹಾಕಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಚೀಲದಲ್ಲಿ ಇದ್ದದ್ದು ನನ್ನ ಜೋಳದ ಹಿಟ್ಟು. ರೊಟ್ಟಿಗೆ ಹಿಟ್ಟು ಬೇಕಾದರೆ ಅವಳನ್ನು ತಡೆದು ನಿಲ್ಲಿಸಬೇಕಿತ್ತು. ಗೋಡೆಗೆ ಬೆನ್ನು ಹಚ್ಚಿ, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ ತೊಡೆ ನಡುಗುವವರೆಗೂ ಇರುತ್ತಿದ್ದಳು. ಆಮೇಲೆ ಗಾದಿ ಹಾಸಿ ಬೀಳುವ ಅಭ್ಯಾಸ.

"ಏನ ತಂಗಿ, ಬೀಳೂದನ್ನೂ ಕಲಸ್ತಾರೇನ ನಿಮ್ಮ ಕಾಲೇಜಿನ್ಯಾಗ?" ಎಂದರು ನಮ್ಮ ಅತ್ತೆ ನೀಲಗಂಗವ್ವ ಮೊಮ್ಮಗಳಿಗೆ. "ನಾವೆಲ್ಲ ಪುಕ್ಕಟ ಬಿದ್ದೇವಿ ನೋಡು."

"ಆಯೀ, ಮಗ್ಗಲಿಗೆ ಬೀಳಬೇಕು. ಕೈ ಊರಿದ್ರ ಮಣಿಕಟ್ಟು ಮುರೀತೈತಿ."

"ಬೀಳದಂಗ ಕಲಸವ್ರು ಯಾರೂ ಇಲ್ಲೇನ ಹಂಗಾರ?"

ಸ್ನೇಹಾ ನಗಲು ಹೋಗಿ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು.

"ಈ ಸಲ ಕಾಯಿ ಘಾಟು ಜೋರ ಐತಿ," ಎಂದರು ಅತ್ತೆ. ನಾನೂ ಹೌದೆಂದೆ.

ಅದೇ ವಾರ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ನನ್ನ ತವರು ಕರ್ಜಗಿಗೆ ಹೋಗಿ ಉಳಿದೆವು. ಬೆಳಗಾಗುತ್ತಲೇ ಸ್ನೇಹಾ ಹೊಲದ ದಾರಿಯಲ್ಲಿ ಓಡಲು ಹೋದಳು. ಮಂಜು ಬಿದ್ದು ಗಾಳಿ ಕೊರೆಯುತ್ತಿತ್ತು. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಓಡಿ ಬಂದವಳು ಕಟ್ಟೆ ಹಿಡಿದು ನಿಂತಳು. ನಿಂತ ಮೇಲೆ ಕೆಮ್ಮು ಶುರುವಾಯಿತು.

ತಂಬಿಗೆ ಕೆಳಗಿಟ್ಟೆ. ತಮ್ಮನ ಹೊಲದಲ್ಲಿ ಇರುವುದು ಕಡಲೆ ಮತ್ತು ಜೋಳ. ಸುತ್ತ ಎಲ್ಲೂ ಘಾಟಿಲ್ಲ. ಹತ್ತಿರ ಹೋಗಿ, ಅವಳು ಕೂಸಿದ್ದಾಗ ಮಾಡುತ್ತಿದ್ದಂತೆ ಬೆನ್ನಿಗೆ ಕಿವಿ ಹಚ್ಚಿದೆ. ಕದದ ಸಂದಿಯಿಂದ ಗಾಳಿ ನುಸುಳಿದ ಹಾಗೆ ಒಳಗೆ ಸಣ್ಣ ಸಿಳ್ಳು.

"ಎಷ್ಟ ದಿನಾತು ಹಿಂಗಾಗಾಕತ್ತು?"

"ಏನಿಲ್ಲ ಮಮ್ಮಿ. ಸ್ವೆಟರಿನ್ಯಾಗ ಮೆಣಸಿನಕಾಯಿ ಧೂಳ ಕುಂತೈತಿ."

"ಈ ಸ್ವೆಟರ್ ನಿಮ್ಮ ಮಾಮೀದು. ರಾತ್ರಿ ಪೆಟ್ಟಿಗ್ಯಾಗಿಂದ ತಗದು ಕೊಟ್ಟಾಳ."

ಅವಳು ಮುಖ ತಿರುಗಿಸಿದಳು. ಮತ್ತೆ ನನ್ನ ಸೆರಗು ಹಿಡಿದಳು. "ಮೇಡಂಗ ಹೇಳಬ್ಯಾಡ. ನನ್ನ ಹೆಸರು ತಗದ ಬಿಡ್ತಾರ. ನನ್ನ ಜಾಗಾಕ್ಕ ಇನ್ನೊಬ್ಬಾಕಿ ಕಾದು ಕುಂತಾಳ."

"ಅಲ್ಲೆ ಹೋದಮ್ಯಾಲೆ ಹಿಂಗಾದ್ರ?"

"ಆಗಂಗಿಲ್ಲ. ಅಲ್ಲಿ ಮೆಣಸಿನಕಾಯಿ ಇಲ್ಲ."

"ಇಲ್ಲೂ ಇಲ್ಲಲ್ಲ ಯವ್ವಾ."

ಬ್ಯಾಡಗಿಗೆ ಮರಳಿದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಟ್ಟೆ ಒಗೆಯುವ ಯಂತ್ರಕ್ಕೆ ಪುಡಿ ಹಾಕದೆಯೇ ತಿರುಗಿಸಿದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಶೆಡ್ಡಿನಿಂದ ಬರುವ ಕೆಮ್ಮುಗಳ ನಡುವೆ ಅವಳದನ್ನು ಹುಡುಕುತ್ತಿದ್ದೆ; ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದೆ, ಕೇಳಿಸದಿದ್ದರೆ ಬಾಯಿಗೆ ದಿಂಬು ಒತ್ತಿಕೊಂಡಿದ್ದಾಳೇನೋ ಎಂದು ಮಾಳಿಗೆ ಹತ್ತಿ ನೋಡುತ್ತಿದ್ದೆ. ಕೈಸರ ಮೇಡಂ ನಂಬರು ತೆಗೆಯುವುದು, ಮತ್ತೆ ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಮಗುಚಿ ಇಡುವುದು. ಹಿಮವನ್ನು ನಾನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆ ಕಂಡವಳಲ್ಲ. ಆದರೆ ಒಂದು ಚಿತ್ರ ಮಾತ್ರ ಕಣ್ಣಿಗೆ ಕಟ್ಟಿತ್ತು: ಆ ಬಿಳಿಯಲ್ಲಿ ಅವಳು ಉಸಿರು ಸಿಗದೆ ಬಗ್ಗಿ ನಿಂತಿದ್ದಾಳೆ, ಪಕ್ಕದವರು ಚಳಿಗೆ ಕೆಮ್ಮುತ್ತಾಳೆಂದುಕೊಂಡು ಮುಂದೆ ಹೋಗುತ್ತಿದ್ದಾರೆ. ನಾವು ಘಾಟೆಂದುಕೊಂಡ ಹಾಗೆಯೇ.

ಜಬರದಸ್ತಿಯಿಂದ ಅವಳ ಕೈಯಲ್ಲಿ ಏನನ್ನೂ ಮಾಡಿಸಲಾಗದು. ಜಡೆ ಹಾಕುವಾಗ ಮೆಲ್ಲಗೆ ಹೇಳಿದೆ: "ಮೇಡಂಗ ನಾ ಫೋನ್ ಮಾಡಂಗಿಲ್ಲ. ಡಾಕ್ಟರ್ ಕಡೆ ಅಷ್ಟ ಬಾ." ಮರುದಿನ ಇಬ್ಬರೂ ಹಾವೇರಿ ಬಸ್ಸು ಹತ್ತಿದೆವು.

ಡಾಕ್ಟರು ಹೆಣ್ಣುಮಗಳು. ಸ್ನೇಹಾಳಿಂದ ಉಸಿರಿನ ಬಲ ಅಳೆಯುವ ಒಂದು ಕೊಳವೆಗೆ ಜೋರಾಗಿ ಊದಿಸಿದರು. ಹೊರಗೆ ಓಡಿ ಬರಲು ಹೇಳಿ, ಮತ್ತೆ ಮತ್ತೆ ಊದಿಸಿದರು. ಮುಳ್ಳು ಮೊದಲು ಮುಟ್ಟಿದ ಗೆರೆಯನ್ನು ಮತ್ತೆ ಮುಟ್ಟಲಿಲ್ಲ.

"ಅಸ್ತಮಾ ಐತಿ," ಎಂದರು. ಸ್ನೇಹಾಳ ಕಣ್ಣು ತುಂಬಿದವು.

"ಯಾಕ ಅಳ್ತಿ? ಅಸ್ತಮಾ ಇದ್ದವ್ರು ಗುಡ್ಡ ಏರಂಗಿಲ್ಲ ಅಂತ ಯಾರ ಹೇಳಿದ್ರು? ಹತೋಟ್ಯಾಗ ಇರಬೇಕು ಅಷ್ಟ." ಎರಡು ಇನ್‌ಹೇಲರ್ ಬರೆದರು: ಒಂದು ಪ್ರತಿದಿನ ತೆಗೆದುಕೊಳ್ಳಲು, ಇನ್ನೊಂದು ಓಡುವ ಮುಂಚೆ ಮತ್ತು ಉಸಿರು ಹಿಡಿದಾಗ. "ಒಮ್ಮೆಲೆ ಓಡಬ್ಯಾಡ, ಮೊದಲ ನಡದು ಮೈ ಬೆಚ್ಚಗ ಮಾಡ್ಕೋ. ಥಂಡಿ ಗಾಳ್ಯಾಗ ಮೂಗು ಬಾಯಿ ಮ್ಯಾಲೆ ಅರಿವಿ ಸುತ್ತಿರಲಿ. ಹಿಮದಾಗ ಇದನ್ನ ಒಳಗಿನ ಕಿಸೇದಾಗ ಮೈಗೆ ಹತ್ತಿಸಿ ಇಟ್ಕೋಬೇಕು, ಥಂಡಿ ಹಿಡದ್ರ ಔಷಧ ಸರಿ ಬರಂಗಿಲ್ಲ."

"ಹಂಗಾರ ಹೋಗಬಹುದೇನ್ರಿ?"

"ಮೂರು ವಾರ ಬಿಟ್ಟು ಬಾ, ಮತ್ತ ಊದಿಸಿ ನೋಡಿ ಹೇಳ್ತೇನಿ. ಆದ್ರ ಸಂಗಾಟ ಇದ್ದವ್ರಿಗೆ ಗೊತ್ತಿರಬೇಕು. ಮುಚ್ಚಿಟ್ಟು ಹೋಗೂದಾದ್ರ ನಾ ಬ್ಯಾಡ ಅಂತೇನಿ."

ಔಷಧದ ಅಂಗಡಿಯಲ್ಲಿ ಇನ್‌ಹೇಲರ್ ಕೊಂಡು ಹೆದ್ದಾರಿಯ ಬಸ್ಸು ಹತ್ತಿದೆವು. ಮೋಟೆಬೆನ್ನೂರಿನಲ್ಲಿ ಇಳಿದೆವು. ಅಲ್ಲಿಂದ ಬ್ಯಾಡಗಿಗೆ ಒಳರಸ್ತೆ. ಟಂಟಂ ಆಟೋದವನು "ಬ್ಯಾಡಗಿ, ಬ್ಯಾಡಗಿ, ಬರ್ರಿ ಅಕ್ಕಾರ" ಎಂದು ಕೂಗುತ್ತಿದ್ದ. ಅವಳು ಹತ್ತಲಿಲ್ಲ.

"ಮೇಡಂಗ ಫೋನ್ ಮಾಡಿಯೇನ ನೀ?"

"ಇಲ್ಲ."

"ಖರೇ?"

"ಖರೇ."

"ಮಾಡಬೇಕಿತ್ತು. ಮಾಡಿದ್ರ ನಿನ್ನ ಮ್ಯಾಲೆ ಸಿಟ್ಟ ಮಾಡ್ಕೊಂಡು ಸುಮ್ನಿರ್ತಿದ್ನಿ."

ಟಂಟಂ ತುಂಬಿ ಹೋಯಿತು, ಇನ್ನೊಂದು ಬಂದು ನಿಂತಿತು. ದೂರದಲ್ಲಿ ರಾಣೇಬೆನ್ನೂರಿಗೆ ಹೋಗುವ ಬಸ್ಸು ಕಂಡಿತು. ಅವಳು ಒಂದು ಹೆಜ್ಜೆ ಮುಂದಿಟ್ಟು ಕೈ ಮಾಡಿದಳು.

ಕಾಲೇಜಿನ ಮೈದಾನದಲ್ಲಿ ಕೈಸರ ಮೇಡಂ ಹುಡುಗಿಯರನ್ನು ಒಂಟಿಕಾಲಿನ ಮೇಲೆ ನಿಲ್ಲಿಸಿದ್ದರು. ಸ್ನೇಹಾ ಅವರ ಮುಂದೆ ನಿಂತು ತಡೆಯದೆ ಎಲ್ಲ ಹೇಳಿಬಿಟ್ಟಳು. ಮೇಡಂ ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದರು.

"ಮನ್ನೆ ನಾನ ಕೇಳಿದ್ನಲ್ಲ, ಯಾಕ ಕೆಮ್ಮಾಕತ್ತಿ ಅಂತ? ಮೆಣಸಿನಕಾಯಿ ಅಂದಿ."

"ಹೂಂರಿ ಮೇಡಂ."

"ನಾನೂ ನಂಬಿದ್ನಿ. ಬ್ಯಾಡಗಿ ಹುಡುಗಿ ಅಂತ." ಅವರು ನನ್ನ ಕಡೆ ತಿರುಗಿದರು. "ಅಕ್ಕಾರ, ಕುಂದ್ರಿ." ಮತ್ತೆ ಅವಳಿಗೆ: "ಹೆಸರು ಈಗ ತಗಿಯಂಗಿಲ್ಲ. ಡಾಕ್ಟರ್ ಬ್ಯಾಡ ಅಂದ್ರ ಕಾದು ಕುಂತ ಹುಡುಗಿ ಬರ್ತಾಳ, ನೀ ಮುಂದಿನ ವರ್ಷ. ಆವಾಗ ಅಳಬಾರದು."

"ಅಳ್ತೇನ್ರಿ ಮೇಡಂ."

"ಅಳು. ಮನ್ಯಾಗ ಅಳು." ಮೇಡಂ ಸೀಟಿ ಊದಿದರು. "ಬೇನಜೀರಾ, ಬಾ ಇಲ್ಲಿ!"

ಬೇನಜೀರ ಶಿಬಿರದಲ್ಲಿ ಸ್ನೇಹಾಳ ಜೊತೆ ಒಂದೇ ಡೇರೆಯಲ್ಲಿ ಮಲಗಬೇಕಿದ್ದವಳು. ಎಲ್ಲ ಕೇಳಿ ಸೊಂಟಕ್ಕೆ ಕೈ ಕೊಟ್ಟಳು. "ಇಷ್ಟ ಏನಲೇ? ನಿನ್ನ ಮಾರಿ ನೋಡಿ ನಾ ಲವ್ವು ಗಿವ್ವು ಅಂತ ತಿಳಕೊಂಡಿದ್ನಿ. ಕೊಡ ಇಲ್ಲಿ ಅದನ್ನ. ನಿನ್ನ ಕೈ ನಡುಗಿದ್ರ ಯಾರ ಒತ್ತವ್ರು? ನಾನ."

ಇನ್‌ಹೇಲರನ್ನು ತಲೆಕೆಳಗು ಹಿಡಿದಿದ್ದಳು. ಸ್ನೇಹಾ ಅವಳ ಕೈಯಲ್ಲೇ ತಿರುಗಿಸಿ ಸರಿಮಾಡಿದಳು. "ಮೊದಲ ಅಲುಗಾಡಸು. ನಾ ಉಸಿರ ಬಿಡ್ತೇನಿ. ಎಳಕೊಳ್ಳಾಕ ಹತ್ತಿದಾಗ ಒತ್ತು." ಮುಚ್ಚಳ ತೆಗೆಯದೆ ಒತ್ತಿದಂತೆ ಮಾಡಿ ನೋಡಿದರು. ನಾನು ಮೆಟ್ಟಿಲ ಮೇಲೆ ಕುಳಿತೆ, ಎದ್ದೆ, ಮತ್ತೆ ಕುಳಿತೆ.

"ಅಲ್ಲಿ ಕೈಗೆ ಗ್ಲೌಸ್ ಇರ್ತಾವಲ್ಲ," ಎಂದಳು ಬೇನಜೀರ. ಬೂಟು ಬಿಚ್ಚಿ, ಎರಡೂ ಕಾಲುಚೀಲಗಳನ್ನು ಕೈಗೆ ಏರಿಸಿಕೊಂಡಳು.

"ಛೀ! ವಾಸನಿ!"

"ಬಾಯಿ ತಗಿ ಸುಮ್ನ."

ಸ್ನೇಹಾ ಪೂರ್ತಿ ಉಸಿರು ಬಿಟ್ಟು ಬಾಯಿ ತೆರೆದು ಕಾದಳು. ಬೇನಜೀರ ಆ ದಪ್ಪ ಬೆರಳುಗಳಿಂದ ಮುಚ್ಚಳ ತೆಗೆಯಲು ಬಾರದೆ ಇನ್ನೂ ತಡಕಾಡುತ್ತಿದ್ದಳು.