ವಾಡಿ ಶಾಲೆಯ ಮೊದಲ ಅಕ್ಷರ

ಸಿಟ್ಟಿಗೆ ಎಂ.ಎ. ಮಾಡಲು ಹೊರಟವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಲವತ್ತಾರನೇ ವಯಸ್ಸಿನಲ್ಲಿ ಜ್ಞಾನ ಬೇಕೆಂದು ಯಾರೂ ಅರ್ಜಿ ಹಾಕುವುದಿಲ್ಲ. ನನಗೆ ಬೇಕಿದ್ದದ್ದು ಒಂದು ವಾಕ್ಯಕ್ಕೆ ಉತ್ತರ.

ನಮ್ಮದು ರಾಜೇಶ್ವರದಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ವಾಡಿಯ, ಅಂದರೆ ಕೆಲವೇ ಮನೆಗಳ ಹಳ್ಳಿಯ, ಶಾಲೆ. ಐದನೇ ತರಗತಿಯವರೆಗೆ ಇದೆ, ಇಬ್ಬರು ಶಿಕ್ಷಕರು. ಹೆಡ್‌ಮಾಸ್ತರು ಮಹಾರುದ್ರಪ್ಪನವರು ನಾಲ್ಕು, ಐದು ನೋಡಿಕೊಳ್ಳುತ್ತಾರೆ. ಒಂದರಿಂದ ಮೂರು ನನ್ನ ಪಾಲು, ಇಪ್ಪತ್ತೆರಡು ವರ್ಷಗಳಿಂದ. ಎರಡು ವರ್ಷದ ಹಿಂದೆ ಇಲಾಖೆಯ ಒಬ್ಬ ಸಾಹೇಬರು ತಪಾಸಣೆಗೆಂದು ಜೀಪಿನಲ್ಲಿ ಬಂದರು, ನನ್ನನ್ನು ಹೊರಗೆ ನಿಲ್ಲಿಸಿ ತಾವೇ ಪುಸ್ತಕ ಹಿಡಿದು ಹತ್ತು ನಿಮಿಷ ಮಕ್ಕಳನ್ನು ಓದಿಸಿದರು, ಚಹಾ ಕುಡಿದರು, ಭೇಟಿ ಪುಸ್ತಕದಲ್ಲಿ ಹೀಗೆ ಬರೆದು ಹೋದರು: 'ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದಲು ಬರುವುದಿಲ್ಲ.'

ನನ್ನ ಮಕ್ಕಳಿಗೆ ಓದಲು ಬರುವುದಿಲ್ಲವಂತೆ. ನಾನು ಕಾರ್ಡ್ ಎತ್ತಿ ಹಿಡಿದರೆ ಸಾಕು, ಹಿಂದಿನ ಸಾಲಿನ ಕೂಸೂ ಪದ ಕೂಗಿ ಹೇಳುತ್ತದೆ. ಹೊಸ ಮನುಷ್ಯನ ಮೀಸೆ ನೋಡಿ ಹೆದರಿ ಬಾಯಿ ಮುಚ್ಚಿದರೆ ಅದು ಮಕ್ಕಳ ತಪ್ಪೇ? ಆ ವಾರವೇ ಪ್ರಾಥಮಿಕ ಶಿಕ್ಷಣದ ಸ್ನಾತಕೋತ್ತರ ಪದವಿಗೆ, ಮನೆಯಲ್ಲಿದ್ದೇ ಓದುವ ಕೋರ್ಸಿಗೆ, ಹೆಸರು ಹಚ್ಚಿದೆ. 'ರಿಟೈರ್ ಆಗೂದ್ರಾಗ ಮುಗೀತದೇನು?' ಎಂದು ನನ್ನ ಗಂಡ ಧಮ್ಮಪಾಲ ಚೇಷ್ಟೆ ಮಾಡಿದರು. ಮುಗಿಸಿ ತೋರಿಸುತ್ತೇನೆ ಎಂದೆ. ಕೊನೆಯ ವರ್ಷ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನನ್ನ ವಿಷಯ ಮೊದಲ ದಿನದಿಂದಲೇ ಗಟ್ಟಿಯಾಗಿತ್ತು: ವಾಡಿ ಶಾಲೆಯ ಮಕ್ಕಳು ಓದುತ್ತಾರೆ. ಸಾಹೇಬರ ಒಂದು ಸಾಲಿಗೆ ಎದುರಾಗಿ ನನ್ನ ನೂರು ಪುಟ.

ವಾರವಿಡೀ ಶಾಲೆ, ಭಾನುವಾರ ಬಸವಕಲ್ಯಾಣದಿಂದ ಬಸ್ ಹಿಡಿದು ಹುಮನಾಬಾದಿಗೆ. ಅಲ್ಲಿಯ ಒಂದು ಕಾಲೇಜಿನಲ್ಲಿ ನಮ್ಮ ಅಧ್ಯಯನ ಕೇಂದ್ರ. ನನ್ನ ಗೈಡ್ ಜಲಾಲುದ್ದೀನ್ ಸರ್ ನನಗಿಂತ ಹನ್ನೆರಡು ವರ್ಷ ಚಿಕ್ಕವರು, ದನಿ ಎತ್ತದ ಮನುಷ್ಯ. ಅವರು ಹೇಳಿದಂತೆ ನಲವತ್ತೊಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಇಪ್ಪತ್ತು ಪದಗಳ ಕಾರ್ಡ್ ತೋರಿಸಿ, ಓದಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ನೂರಕ್ಕೆ ತೊಂಬತ್ತು ಸರಿ ಬಂತು. ಫೆಬ್ರುವರಿಯ ಆ ಭಾನುವಾರ ನಾನು ಹೊಸ ಸೀರೆ ಉಟ್ಟು ಹುಮನಾಬಾದಿಗೆ ಹೋಗಿದ್ದೆ.

ಸರ್ ಮೊಬೈಲನ್ನು ಮೇಜಿನ ಮೇಲಿಟ್ಟು ಮೊದಲನೆಯ ರೆಕಾರ್ಡ್ ಹಚ್ಚಿದರು. ಎರಡನೇ ತರಗತಿಯ ಗಜಾಲಾ.

"ಜರಾ ಕೇಳ್ರಿ ಮೇಡಂ."

ಮೊಬೈಲಿನಲ್ಲಿ ಯಾರೋ ಮೆಲ್ಲಗೆ 'ರೊ' ಎಂದರು. ಗಜಾಲಾ 'ರೊಟ್ಟಿ' ಎಂದಳು. ಮತ್ತೆ ಅದೇ ಸಣ್ಣ ದನಿ 'ಕೊ' ಎಂದಿತು. ಗಜಾಲಾ 'ಕೊಡ' ಎಂದಳು.

"ಮೊದಲಿಂದು ಯಾರ ಆವಾಜ್ ರಿ?"

"ನಂದು."

"ನೀವ್ಯಾಕ ಹೇಳಾಕತ್ತೀರಿ?"

"ನಾ ಏನೂ ಹೇಳಿಲ್ರಿ ಸರ್."

ಸುಳ್ಳು ಹೇಳಲಿಲ್ಲ. ಆ ಅಕ್ಷರ ನನ್ನ ಬಾಯಿಂದ ಬಂದದ್ದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಎರಡನೇ ಮಗುವಿನದು ಹಚ್ಚಿದರು, ಆರನೆಯದು, ಇಪ್ಪತ್ತನೆಯದು. ಎಲ್ಲದರಲ್ಲೂ ನಾನಿದ್ದೆ. ಪ್ರತಿ ಪದಕ್ಕೂ ಮೊದಲ ಅಕ್ಷರ ನನ್ನದು, ಉಳಿದದ್ದು ಮಗುವಿನದು. ನಮ್ಮಲ್ಲಿ ಇದಕ್ಕೆ ಎತ್ತಿಕೊಡುವುದು ಅನ್ನುತ್ತೇವೆ. ಚಿಕ್ಕಂದಿನಲ್ಲಿ ನಿರ್ಣಾದ ಶಾಲೆಯಲ್ಲಿ ನನಗೆ ಗಯಾಬಾಯಿ ಟೀಚರ್ ಎತ್ತಿಕೊಡುತ್ತಿದ್ದರು, ಮಹಾರುದ್ರಪ್ಪನವರು ಈಗಲೂ ಐದನೇ ತರಗತಿಗೆ ಎತ್ತಿಕೊಡುತ್ತಾರೆ. ಉಸಿರಾಡಿದ್ದನ್ನು ಯಾರು ಲೆಕ್ಕ ಇಡುತ್ತಾರೆ?

"ಕೂಸಿಗಿ ಧೈರ್ಯ ಬರ್ಲಿ ಅಂತ ಎತ್ತಿಕೊಟ್ಟಿರ್ತೀನ್ರಿ," ಎಂದೆ. ನನ್ನ ದನಿ ಏರಿತ್ತು. "ಅದೇನ್ ಕಾಪಿ ಮಾಡಿಸಿದಂಗಲ್ಲ."

"ಕಾಪಿ ಅಂತ ನಾ ಅನ್ನಾಂಗಿಲ್ರಿ ಮೇಡಂ. ಆದ್ರ ಖರೇನೇ ಓದಾಕ ಬರ್ತಿದ್ರ, ನಿಮ್ಮ ಆವಾಜ್ ಇಲ್ದನೂ ಓದ್ತಾವಲ್ರಿ. ಇನ್ನೊಮ್ಮಿ ಮಾಡ್ರಿ. ನೀವು ಹೊರಗ ಕುಂದರ್ರಿ, ಕಾರ್ಡ್ ಬ್ಯಾರೆಯವರು ತೋರಸ್ಲಿ. ಟೀಚರ್ ಅಲ್ದವರು."

ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನನ್ನು ನೋಡಿ ಸರಿದು ಕೂತಳು. ಹೆದ್ದಾರಿಯ ಅಂಗಡಿಗಳ ಬೋರ್ಡು ಕಂಡಾಗಲೆಲ್ಲ ನನ್ನ ತುಟಿ ತಾನಾಗಿ ಮೊದಲ ಅಕ್ಷರ ಹೇಳುತ್ತಿತ್ತು. ಬಾಯಿಗೆ ಸೆರಗು ಒತ್ತಿ ಹಿಡಿದೆ.

ಕಾರ್ಡ್ ತೋರಿಸಲು ನಾನು ಆರಿಸಿದ್ದು ಆಮ್ರಪಾಲಿಯನ್ನು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನಾನು ಕೆಲಸಕ್ಕೆ ಸೇರಿದ ವರ್ಷ ಒಂದನೇ ತರಗತಿಗೆ ಬಂದ ಹುಡುಗಿ. ಐದೂ ವರ್ಷ ಮೊದಲ ನಂಬರ್. ಮುಂದೆ ರಾಜೇಶ್ವರದ ಶಾಲೆಗೆ ಮನೆಯವರು ಕಳಿಸಲಿಲ್ಲ, ಓದು ಅಲ್ಲಿಗೇ ನಿಂತಿತು. ಆ ಬಗ್ಗೆ ಅವಳ ಅಪ್ಪನ ಜೊತೆ ಅಂಗಳದಲ್ಲಿ ನಿಂತು ಜಗಳವಾಡಿದ್ದೆ.

"ನಾ ಬ್ಯಾಡ್ರಿ ಟೀಚರ್. ಫರಹತ್‌ಗ ಹೇಳ್ರಿ," ಎಂದಳು. ಫರಹತ್ ಅವಳ ಜೊತೆಗೆ ಅಡುಗೆ ಮಾಡುವವಳು.

"ಮೊದಲ ನಂಬರ್ ಬಂದಾಕಿ ನೀ. ನಾಚಿಕಿ ಯಾಕ? ಕಾರ್ಡ್ ತೋರ್ಸು, ಬರೋಬರಿ ಅಂದ್ರ ರೈಟ್ ಹಾಕು, ತಪ್ಪಂದ್ರ ಕಾಟು ಹೊಡಿ. ನೀ ಮಾತ್ರ ಏನೂ ಹೇಳಬ್ಯಾಡ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಕಾರ್ಡುಗಳನ್ನು ತೆಗೆದುಕೊಂಡಳು. ನನ್ನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ.

ಎರಡು ದಿನ ಊಟವಾದ ಮೇಲೆ, ನಾನು ರೆಕಾರ್ಡ್ ಚಾಲೂ ಮಾಡಿಟ್ಟ ಮೊಬೈಲಿನ ಜೊತೆ ಅವಳು ಒಳಗೆ, ನಾನು ಬೇವಿನ ಮರದ ಕೆಳಗೆ. ಎರಡನೇ ದಿನ ಮೂರೂವರೆಗೆ ಹಾಳೆಗಳನ್ನು ತಂದು ಕೈಗಿಟ್ಟಳು. ತಿರುವಿ ತಿರುವಿ ನೋಡಿದೆ. ನಲವತ್ತೊಂದೂ ಹಾಳೆಗಳಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ರೈಟ್. ಒಂದು ಕಾಟೂ ಇಲ್ಲ.

ನನಗೆ ಅಳು ಬಂತು. ಆಫೀಸಿಗೆ ಹೋಗಿ ಮಹಾರುದ್ರಪ್ಪನವರಿಗೆ ತೋರಿಸಿದೆ. ಭೇಟಿ ಪುಸ್ತಕ ತೆಗೆಸಿ ಸಾಹೇಬರ ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ ನಕ್ಕೆ. ಈ ಪುಟದ ಎದುರಿಗೇ ನನ್ನ ಪ್ರಬಂಧದ ಒಂದು ಪ್ರತಿ ಇಡಬೇಕು ಎಂದೆ. ಅವರೂ ಇಡೋಣ ಎಂದರು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಖಾಲಿ ತರಗತಿಯಲ್ಲಿ ಕೂತು ರೆಕಾರ್ಡ್ ಹಚ್ಚಿದೆ. ಗಜಾಲಾಳ ಹಾಳೆಯದೇ ಮೊದಲು. ಏನೂ ಕೇಳಿಸಲಿಲ್ಲ. ದನಿ ಏರಿಸಿದೆ. ದೂರದಲ್ಲಿ ಪಾತ್ರೆಯ ಸದ್ದು, ಒಂದು ಕೆಮ್ಮು. ಆಮೇಲೆ ಗಜಾಲಾ 'ಮರ' ಎಂದಳು. 'ಹಾಂ, ಮುಂದ' ಎಂದಳು ಆಮ್ರಪಾಲಿ. ಮತ್ತೆ ಮೌನ. 'ಮರ.' 'ಹಾಂ, ಮುಂದ.' ಇಪ್ಪತ್ತು ಕಾರ್ಡಿಗೂ ಮರ. ಸುಮೇಧ ಅನ್ನುವ ಹುಡುಗ ಕಾರ್ಡ್ ಬದಲಾಗುವ ಮೊದಲೇ ಹೋದ ತಿಂಗಳು ಬಾಯಿಪಾಠವಾದ ಪದಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ಉಳಿದ ಎಷ್ಟೋ ಮಕ್ಕಳು ಬಾಯಿಯನ್ನೇ ತೆರೆದಿರಲಿಲ್ಲ.

ಮೈಯೆಲ್ಲ ಉರಿಯಿತು. ನನಗೆ ಖುಷಿಯಾಗಲೆಂದು ಸುಳ್ಳು ರೈಟ್ ಹಾಕಿದ್ದಾಳೆ ಅಂದುಕೊಂಡೆ. ಕಾರ್ಡುಗಳನ್ನು ಹಿಡಿದುಕೊಂಡೇ ಅಡುಗೆ ಕೋಣೆಗೆ ನುಗ್ಗಿದೆ. ಆಮ್ರಪಾಲಿ ಅನ್ನದ ಪಾತ್ರೆ ತಿಕ್ಕುತ್ತಿದ್ದಳು.

"ಇದೇನಂತ ಬರ್ದದ? ಓದು," ಎಂದು ಒಂದು ಕಾರ್ಡ್ ಅವಳ ಮುಖಕ್ಕೆ ಹಿಡಿದೆ.

ಅವಳು ಕಾರ್ಡ್ ನೋಡಲಿಲ್ಲ. ನನ್ನ ತುಟಿ ನೋಡಿದಳು. ಬೂದಿ ಹತ್ತಿದ ಕೈ ಮುಂದೆ ಕಟ್ಟಿಕೊಂಡು, ಇಪ್ಪತ್ತೆರಡು ವರ್ಷದ ಹಿಂದೆ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತು ಕಾದಳು.

"ಓದು ಆಮ್ರಪಾಲಿ."

"ನೀವು ಸುರು ಮಾಡ್ರಿ ಟೀಚರ್. ನಾ ಅಂತೀನಿ."

ಕಾರ್ಡ್ ಹಿಡಿದ ನನ್ನ ಕೈ ಕೆಳಗಿಳಿಯಿತು. "ಮತ್ತ ಮೊದಲ ನಂಬರ್ ಹ್ಯಾಂಗ ಬಂದಿ?" ಎಂದು ಕೇಳಿದೆ.

"ನೀವು ಇದ್ರಲ್ರಿ," ಎಂದಳು. ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಬೈದು ಹಗುರಾಗುತ್ತಿದ್ದೆ.

ನಾನು ಅಲ್ಲೇ ಅಕ್ಕಿ ಚೀಲದ ಮೇಲೆ ಕೂತೆ. ವರ್ಷಕ್ಕೆ ಹದಿನೈದು ಮಕ್ಕಳೆಂದರೂ ಮುನ್ನೂರು ದಾಟುತ್ತದೆ. ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಯಾರ್ಯಾರದೋ ಮನೆಯಲ್ಲಿ ಇರುವ ಅವರೆಲ್ಲ ಒಂದು ಚೀಟಿ ಕೈಗೆ ಬಂದಾಗ ಯಾರ ತುಟಿ ನೋಡುತ್ತಾರೋ. ಅವರಿಗೆ ಅನ್ಯಾಯ ಮಾಡಿದವಳು ನಾನು, ಅದೂ ಪ್ರೀತಿಯಿಂದ. ಆಮ್ರಪಾಲಿ ಗಾಬರಿಯಾಗಿ ನನಗೆ ನೀರು ತಂದುಕೊಟ್ಟಳು.

ಮುಂದಿನ ಭಾನುವಾರ ಜಲಾಲುದ್ದೀನ್ ಸರ್ ಎಲ್ಲವನ್ನೂ ಕೇಳಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ, "ಇದನ್ನ ಇದ್ದಂಗ ಬರೀರಿ ಮೇಡಂ," ಎಂದರು. "ಇಂಥಾದ್ದು ಯಾರೂ ಬರ್ಯಾಂಗಿಲ್ಲ. ಡಿಗ್ರಿ ಪಕ್ಕಾ ಸಿಗ್ತದ, ಬಹುಶಃ ಫಸ್ಟ್ ಕ್ಲಾಸೇ."

ಬರೆದೆ. ಮಾರ್ಚ್ ಕೊನೆಯ ವಾರ ಹುಮನಾಬಾದಿಗೆ ಹೋಗಿ ನಾಲ್ಕು ಪ್ರತಿ ಕೊಟ್ಟು ಬಂದೆ. ನೂರ ನಾಲ್ಕು ಪುಟ. ಕೊನೆಯ ಅಧ್ಯಾಯದ ಮೊದಲ ಸಾಲು, 'ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದಲು ಬರುವುದಿಲ್ಲ.' ಸಾಹೇಬರಿಗೆ ಅದನ್ನು ಬರೆಯಲು ಹತ್ತು ನಿಮಿಷ ಹಿಡಿದಿತ್ತು, ನನಗೆ ಎರಡು ವರ್ಷ.

ಮರುದಿನ ಶಾಲೆಗೆ ಹೋದೆ. ಇನ್ನು ಎತ್ತಿಕೊಡುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ. ಬಾಯಿಗೆ ಸೆರಗು ಹಿಡಿದು ಕಾರ್ಡ್ ಎತ್ತಿದೆ. ನಲವತ್ತೊಂದು ಮಕ್ಕಳು ಸೆರಗನ್ನೇ ನೋಡಿದರು. ಒಂದು ನಿಮಿಷವಾಯಿತು, ಎರಡಾಯಿತು. ತಾವೇನು ತಪ್ಪು ಮಾಡಿದೆವೆಂದು ಅವಕ್ಕೆ ತಿಳಿಯುತ್ತಿರಲಿಲ್ಲ. ಗಜಾಲಾಳ ಕೆಳತುಟಿ ನಡುಗಿತು, ಕಣ್ಣು ತುಂಬಿತು, ಅವಳು ಶಬ್ದವಿಲ್ಲದೆ ಅಳತೊಡಗಿದಳು.

ನಾನು ಸೆರಗು ಬಿಟ್ಟೆ.

"ರೊ," ಎಂದೆ.

"ರೊಟ್ಟಿ," ಎಂದು ಇಡೀ ತರಗತಿ ಕೂಗಿತು, ಎಲ್ಲರಿಗಿಂತ ಗಟ್ಟಿಯಾಗಿ ಗಜಾಲಾ. ನಾನು ಮುಂದಿನ ಕಾರ್ಡ್ ಎತ್ತಿದೆ.